ಕಳವಳದ ಸ್ವಭಾವದವರಿಗೆ ಮೈಂಡ್‌ಫುಲ್‌ನೆಸ್ ಒಗ್ಗುವುದಿಲ್ಲವೇ?

ಪ್ರಶ್ನೆ: ಮೇಡಂ, ನಾನು ದಾವಣಗೆರೆಯವಳು, ವಯಸ್ಸು 36, ಬ್ಯಾಂಕೊಂದರಲ್ಲಿ ಕೆಲಸ. ಚಿಕ್ಕಂದಿನಿಂದಲೂ ಸಣ್ಣ ವಿಷಯಕ್ಕೂ ತಲೆ ಕೆಡಿಸಿಕೊಳ್ಳುವವಳು. ಸಂಜೆ ಕ್ಯಾಷ್ ಟ್ಯಾಲಿ ಆದ ಮೇಲೂ ಎಲ್ಲೋ ತಪ್ಪಾಗಿದೆ ಎಂಬ ಅನುಮಾನ ಮಲಗುವವರೆಗೂ ಬಿಡುವುದಿಲ್ಲ. ಮಗಳು ಶಾಲೆಯಿಂದ ಬರುವುದು ಹತ್ತು ನಿಮಿಷ ತಡವಾದರೆ ಎದೆ ಹೊಡೆದುಕೊಳ್ಳುತ್ತದೆ. ಕಳೆದ ವರ್ಷ ಕಚೇರಿಯ ತರಬೇತಿಯಲ್ಲಿ ನಮಗೆಲ್ಲ ಆನ್‌ಲೈನ್ ವ್ಯಕ್ತಿತ್ವ ಪರೀಕ್ಷೆ ಮಾಡಿಸಿದರು. ‘ನ್ಯೂರಾಟಿಸಿಸಂ’ ಎಂಬ ಗುಣಕ್ಕೆ ನನಗೆ 84 ಪರ್ಸೆಂಟೈಲ್ ಬಂತು. ಅದನ್ನು ನೋಡಿ ಗಾಬರಿಯಾಗಿ, ಸಹೋದ್ಯೋಗಿಯೊಬ್ಬರ ಜೊತೆ 8 ವಾರಗಳ ಆನ್‌ಲೈನ್ ಮೈಂಡ್‌ಫುಲ್‌ನೆಸ್ (ಈ ಕ್ಷಣದಲ್ಲಿ ಆಗುತ್ತಿರುವುದನ್ನು ಗಮನವಿಟ್ಟು ನೋಡುವ ಧ್ಯಾನ) ಕೋರ್ಸಿಗೆ ಸೇರಿದೆ. ಅವರು ಈಗ ಬಹಳ ಸಮಾಧಾನದಿಂದ ಇದ್ದಾರೆ. ನನ್ನದು ಉಲ್ಟಾ ಆಗಿದೆ. ಕಣ್ಣು ಮುಚ್ಚಿ ಉಸಿರು ಗಮನಿಸಲು ಕೂತರೆ ಎದೆಬಡಿತವೇ ಕೇಳಿಸುತ್ತದೆ, ಉಸಿರು ಕಟ್ಟಿದಂತಾಗುತ್ತದೆ, ಇಡೀ ದಿನ ನನ್ನ ಯೋಚನೆಗಳನ್ನೇ ಕಾಯುತ್ತಿರುತ್ತೇನೆ. ಕೋರ್ಸಿನ ಮೊದಲು ಮತ್ತು ಕೊನೆಯಲ್ಲಿ ಮೈಂಡ್‌ಫುಲ್‌ನೆಸ್ ಅಳೆಯುವ ಒಂದೇ ಪ್ರಶ್ನಾವಳಿ ತುಂಬಿಸಿದ್ದರು. ಕೊನೆಯಲ್ಲಿ ನನ್ನ ಅಂಕ ಇನ್ನೂ ಕಡಿಮೆಯಾಗಿತ್ತು. ನಮ್ಮ ಯಜಮಾನರು ‘ಹುಟ್ಟುಗುಣ ಸುಟ್ಟರೂ ಹೋಗಲ್ಲ, ಸುಮ್ಮನೆ ಯಾಕೆ ದುಡ್ಡು ಹಾಳು ಮಾಡ್ತೀಯ’ ಎನ್ನುತ್ತಾರೆ. ಅಕ್ಕ 10 ದಿನಗಳ ಮೌನ ಶಿಬಿರಕ್ಕೆ ಹೋಗಿಬಿಡು, ಎಲ್ಲ ಸರಿಹೋಗುತ್ತದೆ ಎನ್ನುತ್ತಾಳೆ. ನನಗೆ ಇನ್ನೊಂದು ಭಯವೂ ಇದೆ: ಪೂರ್ತಿ ಶಾಂತಳಾಗಿಬಿಟ್ಟರೆ ಕೆಲಸದ ಮೇಲಿನ ಬಿಗಿ ಹೋಗಿ ಅಜಾಗರೂಕಳಾಗುತ್ತೇನೇನೋ. ನನ್ನ ಸ್ವಭಾವಕ್ಕೆ ಇದು ಒಗ್ಗುವುದೇ ಇಲ್ಲವೇ? ಮುಂದೇನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಅಭ್ಯಾಸದಿಂದ ಕಳವಳ ಹೆಚ್ಚಾಯಿತೇ, ಅದಕ್ಕೆ ನಿಮ್ಮ ಸ್ವಭಾವವೇ ಕಾರಣವೇ, ಆ ಸ್ವಭಾವ ಬದಲಾಗುವಂಥದ್ದೇ, ಬದಲಾಗುವುದಾದರೆ ಮೌನ ಶಿಬಿರ ಅದಕ್ಕೆ ಸರಿಯಾದ ದಾರಿಯೇ ಎಂದು ನೀವು ಕೇಳುತ್ತಿದ್ದೀರಿ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಸ್ವಭಾವದವರಿಗೆ ಮೈಂಡ್‌ಫುಲ್‌ನೆಸ್ ಒಗ್ಗುವುದಿಲ್ಲ ಎನ್ನಲು ನೀವು ಬರೆದಿರುವುದರಲ್ಲಿ ಯಾವ ಆಧಾರವೂ ಕಾಣುವುದಿಲ್ಲ. ಅದನ್ನು ನಿಮಗೆ ಕಲಿಸಿದ ಕ್ರಮ ನಿಮಗೆ ಒಗ್ಗಿಲ್ಲ ಎನ್ನಲು ಸಾಕಷ್ಟು ಸೂಚನೆಗಳಿವೆ. ಕಳವಳದ ಸ್ವಭಾವದವರು ಇದೇ ದೂರು ಹೊತ್ತು ಬರುವುದನ್ನು ಚಿಕಿತ್ಸಾ ಕೋಣೆಯಲ್ಲಿ ನಾನು ಮತ್ತೆ ಮತ್ತೆ ನೋಡುತ್ತೇನೆ. ಅವರಲ್ಲಿ ಹೆಚ್ಚಿನವರು ‘ಧ್ಯಾನ ಮಾಡುವುದಕ್ಕೂ ನನ್ನಿಂದಾಗಲಿಲ್ಲ’ ಎಂದು ತಮ್ಮನ್ನೇ ಹಳಿದುಕೊಂಡಿರುತ್ತಾರೆ. ಮೊದಲೇ ಇದ್ದ ಕಳವಳದ ಮೇಲೆ ಹೀಗೆ ಇನ್ನೊಂದು ಕಳವಳ ಸೇರಿಕೊಳ್ಳುವುದನ್ನು ನೋಡಿದಾಗ ನಿಜಕ್ಕೂ ಬೇಸರವಾಗುತ್ತದೆ, ಏಕೆಂದರೆ ಅದನ್ನು ಬಹುಪಾಲು ತಪ್ಪಿಸಬಹುದಿತ್ತು.

ಮೊದಲು ಆ 84ರ ವಿಚಾರ. ನಿಮಗೆ ಮಾಡಿಸಿದ್ದು ‘ಬಿಗ್ ಫೈವ್’ ಮಾದರಿಯ ಪರೀಕ್ಷೆ ಇರಬೇಕು. ಮನುಷ್ಯರ ಸ್ವಭಾವಗಳ ನಡುವಿನ ವ್ಯತ್ಯಾಸವನ್ನು ಅದು ಐದು ಅಳತೆಗಳಲ್ಲಿ ಹಿಡಿಯುತ್ತದೆ: ಹೊಸತಿಗೆ ತೆರೆದುಕೊಳ್ಳುವ ಗುಣ, ಶಿಸ್ತು ಮತ್ತು ಹೊಣೆಗಾರಿಕೆ, ಬಹಿರ್ಮುಖತೆ, ಇತರರೊಂದಿಗೆ ಹೊಂದಿಕೊಳ್ಳುವ ಗುಣ, ಮತ್ತು ನ್ಯೂರಾಟಿಸಿಸಂ. ಈ ಕೊನೆಯ ಹೆಸರು ಕಾಯಿಲೆಯ ಹೆಸರಿನಂತೆ ಕೇಳಿಸುವುದರಿಂದ ಜನ ಬೆಚ್ಚುತ್ತಾರೆ. ಅಪಾಯ, ನಷ್ಟ, ಅವಮಾನ ಇವುಗಳ ಸುಳಿವು ಸಿಕ್ಕಾಗ ಮನಸ್ಸು ಎಷ್ಟು ಬೇಗ, ಎಷ್ಟು ಜೋರಾಗಿ ಸ್ಪಂದಿಸುತ್ತದೆ ಮತ್ತು ಮತ್ತೆ ತಣ್ಣಗಾಗಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಎಂಬುದನ್ನು ಅದು ಸೂಚಿಸುತ್ತದೆ, ಅಷ್ಟೆ. 84 ಪರ್ಸೆಂಟೈಲ್ ಎಂದರೆ ನೂರು ಜನರನ್ನು ಸಾಲಾಗಿ ನಿಲ್ಲಿಸಿದರೆ ಸುಮಾರು 84 ಜನರಿಗಿಂತ ನಿಮ್ಮಲ್ಲಿ ಆ ಗುಣ ಹೆಚ್ಚು ಎಂದು ಅರ್ಥ. ನಿಮ್ಮಂತೆ ಅಥವಾ ನಿಮಗಿಂತ ಹೆಚ್ಚು ಇರುವವರು ಪ್ರತಿ ನೂರರಲ್ಲಿ ಇನ್ನೂ ಹದಿನೈದಿಪ್ಪತ್ತು ಮಂದಿ ಇರುತ್ತಾರೆ. ಜೊತೆಗೆ, ಹೋಲಿಕೆಗೆ ಯಾವ ದೇಶದ, ಯಾವ ವಯಸ್ಸಿನ ಜನರನ್ನು ಇಟ್ಟುಕೊಂಡಿದ್ದರು ಎಂಬುದು ಉಚಿತ ಆನ್‌ಲೈನ್ ಪರೀಕ್ಷೆಗಳಲ್ಲಿ ತಿಳಿಯುವುದೇ ಇಲ್ಲ, ಮತ್ತು ಆಡಿಟ್ ನಡೆಯುತ್ತಿರುವ ವಾರ ತುಂಬಿದ ಉತ್ತರ ರಜೆಯ ವಾರ ತುಂಬಿದ ಉತ್ತರದಂತೆ ಇರುವುದಿಲ್ಲ. ಆದ್ದರಿಂದ ಆ ಅಂಕಿಯನ್ನು ‘ನಾನು ಸ್ವಲ್ಪ ಬೇಗ ಕಳವಳಗೊಳ್ಳುವವಳು’ ಎಂದಷ್ಟೇ ಓದಿಕೊಳ್ಳಿ. ಅದು ನಿಮಗೆ ಮೊದಲೇ ಗೊತ್ತಿತ್ತು.

ಇನ್ನು ಮೈಂಡ್‌ಫುಲ್‌ನೆಸ್. ಈ ಹೆಸರಿನಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಓಡಾಡುತ್ತಿರುವುದರಿಂದ ಬಹಳಷ್ಟು ಗೊಂದಲ ಹುಟ್ಟುತ್ತದೆ. ಒಂದು, ಕುಳಿತು ಅಥವಾ ನಡೆಯುತ್ತ ಮಾಡುವ ಅಭ್ಯಾಸ. ಎರಡು, ಆ ಹೊತ್ತಿನಲ್ಲಿ ಉಂಟಾಗುವ ಮನಃಸ್ಥಿತಿ. ಮೂರನೆಯದು, ಅಭ್ಯಾಸ ಮಾಡಲಿ ಬಿಡಲಿ, ದಿನನಿತ್ಯದ ಬದುಕಿನಲ್ಲಿ ಒಬ್ಬ ವ್ಯಕ್ತಿ ಎಷ್ಟರಮಟ್ಟಿಗೆ ಎಚ್ಚರದಿಂದ, ಗಮನವಿಟ್ಟು ಇರುತ್ತಾನೆ ಎಂಬ ಸಹಜ ಗುಣ. ಸಂಶೋಧಕರು ಪ್ರಶ್ನಾವಳಿಗಳ ಮೂಲಕ ಅಳೆಯುವುದು ಹೆಚ್ಚಾಗಿ ಈ ಮೂರನೆಯದನ್ನು. 2003ರಲ್ಲಿ ಕರ್ಕ್ ವಾರೆನ್ ಬ್ರೌನ್ ಮತ್ತು ರಿಚರ್ಡ್ ರಯಾನ್ ರೂಪಿಸಿದ 15 ಹೇಳಿಕೆಗಳ ಪ್ರಶ್ನಾವಳಿ ಇವುಗಳಲ್ಲಿ ಬಹಳ ಬಳಕೆಯಲ್ಲಿದೆ. ಏನು ತಿನ್ನುತ್ತಿದ್ದೇನೆ ಎಂಬ ಅರಿವಿಲ್ಲದೆ ಕುರುಕಲು ತಿನ್ನುವುದು, ಗಮನವಿಲ್ಲದೆ ಕೆಲಸಗಳನ್ನು ಅವಸರದಲ್ಲಿ ಮುಗಿಸುವುದು, ಇಂಥವು ನಿಮಗೆ ಎಷ್ಟು ಸಲ ಆಗುತ್ತವೆ ಎಂದು ಅದು ಕೇಳುತ್ತದೆ.

ಇಂಥ ಪ್ರಶ್ನಾವಳಿಗಳ ಅಂಕಗಳನ್ನು ಐದು ಗುಣಗಳ ಅಂಕಗಳೊಂದಿಗೆ ಹೋಲಿಸಿದ ಅಧ್ಯಯನಗಳು ಅನೇಕ. 2009ರಲ್ಲಿ ತಮಾರಾ ಗಿಲುಕ್ ಅಂಥ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ವಿಶ್ಲೇಷಿಸಿದಾಗ ಕಂಡ ಚಿತ್ರ ಸ್ಪಷ್ಟವಾಗಿತ್ತು: ಐದರಲ್ಲಿ ಮೈಂಡ್‌ಫುಲ್‌ನೆಸ್‌ನೊಂದಿಗೆ ಅತ್ಯಂತ ಗಟ್ಟಿಯಾದ ಸಂಬಂಧವಿರುವುದು ನ್ಯೂರಾಟಿಸಿಸಂಗೆ, ಅದೂ ವಿರುದ್ಧ ದಿಕ್ಕಿನಲ್ಲಿ, ಅದರ ನಂತರದ ಸ್ಥಾನ ಶಿಸ್ತು ಮತ್ತು ಹೊಣೆಗಾರಿಕೆಗೆ, ಇದು ಒಂದೇ ದಿಕ್ಕಿನಲ್ಲಿ. ಅಂದರೆ ಕಳವಳ ಹೆಚ್ಚಿರುವವರು ಸಾಮಾನ್ಯವಾಗಿ ತಮ್ಮನ್ನು ಕಡಿಮೆ ಮೈಂಡ್‌ಫುಲ್ ಎಂದೂ, ಶಿಸ್ತಿನವರು ಹೆಚ್ಚು ಮೈಂಡ್‌ಫುಲ್ ಎಂದೂ ಗುರುತಿಸಿಕೊಳ್ಳುತ್ತಾರೆ. ಇಷ್ಟನ್ನು ಮಾತ್ರ ಓದಿದವರು ‘ಕಳವಳದವರಿಗೆ ಇದು ಆಗಿಬರುವುದಿಲ್ಲ’ ಎಂಬ ತೀರ್ಮಾನಕ್ಕೆ ಹಾರಿಬಿಡುತ್ತಾರೆ. ಆ ಸಂಬಂಧ ಹೇಳುವುದು ಅದನ್ನಲ್ಲ. ತರಬೇತಿಗೆ ಮುಂಚೆ ಯಾರು ಎಲ್ಲಿ ನಿಂತಿದ್ದಾರೆ ಎಂಬುದನ್ನು ಅದು ಹೇಳುತ್ತದೆ. ತರಬೇತಿ ಪಡೆದರೆ ಯಾರಿಗೆ ಎಷ್ಟು ಉಪಯೋಗವಾದೀತು ಎಂಬುದು ಬೇರೆಯೇ ಪ್ರಶ್ನೆ. ಮತ್ತೊಂದು ಎಚ್ಚರಿಕೆಯೂ ಅಗತ್ಯ. ಎರಡೂ ಪ್ರಶ್ನಾವಳಿಗಳಿಗೆ ಉತ್ತರಿಸುವವರು ಒಬ್ಬರೇ ಆಗಿರುತ್ತಾರೆ, ಮತ್ತು ತನ್ನನ್ನು ತಾನು ಕಠಿಣವಾಗಿ ಅಳೆದುಕೊಳ್ಳುವ ವ್ಯಕ್ತಿ ಎರಡರಲ್ಲೂ ಕಠಿಣವಾಗಿಯೇ ಅಳೆದುಕೊಳ್ಳುತ್ತಾರೆ.

ನಿಮ್ಮ ಅನುಭವಕ್ಕೆ ನೇರವಾಗಿ ಸಂಬಂಧಿಸಿದ ಸಂಗತಿ ಇನ್ನೊಂದು ಕಡೆ ಇದೆ. ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದ ರೂತ್ ಬೇಯರ್ ಮತ್ತು ಸಂಗಡಿಗರು 2006ರಲ್ಲಿ ಅದುವರೆಗಿನ ಪ್ರಶ್ನಾವಳಿಗಳನ್ನೆಲ್ಲ ಜಾಲಿಸಿ, 39 ಹೇಳಿಕೆಗಳ ಹೊಸ ಪ್ರಶ್ನಾವಳಿಯೊಂದನ್ನು ಸಿದ್ಧಪಡಿಸಿದರು. ಮೈಂಡ್‌ಫುಲ್‌ನೆಸ್ ಎನ್ನುವುದು ಒಂದೇ ಗುಣವಲ್ಲ, ಅದಕ್ಕೆ ಐದು ಮುಖಗಳಿವೆ ಎಂದು ಅವರು ತೋರಿಸಿದರು: ದೇಹ ಮತ್ತು ಮನಸ್ಸಿನಲ್ಲಿ ಆಗುತ್ತಿರುವುದನ್ನು ಗಮನಿಸುವುದು, ಅದನ್ನು ಮಾತಿನಲ್ಲಿ ಹೇಳಬಲ್ಲವರಾಗಿರುವುದು, ಮಾಡುವ ಕೆಲಸದಲ್ಲಿ ಗಮನವಿರುವುದು, ಒಳಗೆ ಬಂದ ಯೋಚನೆ ಭಾವನೆಗಳ ಮೇಲೆ ತೀರ್ಪು ಕೊಡದಿರುವುದು, ಮತ್ತು ಅವುಗಳ ಹಿಂದೆ ತಕ್ಷಣ ಓಡದಿರುವುದು. ಇಲ್ಲೊಂದು ವಿಚಿತ್ರ ಕಂಡುಬಂತು. ಧ್ಯಾನದ ಅನುಭವವಿಲ್ಲದವರಲ್ಲಿ ಮೊದಲನೆಯ ಮುಖ, ಅಂದರೆ ಗಮನಿಸುವ ಗುಣ, ಮಿಕ್ಕ ನಾಲ್ಕರ ಜೊತೆ ಸರಿಯಾಗಿ ಸೇರುತ್ತಲೇ ಇರಲಿಲ್ಲ. ಅಂಥವರಲ್ಲಿ ಹೆಚ್ಚು ಗಮನಿಸುವಿಕೆ ಕೆಲವೊಮ್ಮೆ ಹೆಚ್ಚಿನ ಮಾನಸಿಕ ತೊಂದರೆಯ ಜೊತೆಗೇ ಕಾಣಿಸುತ್ತಿತ್ತು. ಅಭ್ಯಾಸ ಮಾಡುತ್ತ ಬಂದವರಲ್ಲಿ ಮಾತ್ರ ಅದು ಮಿಕ್ಕವುಗಳ ಜೊತೆ ಕೂಡಿಕೊಂಡು ನೆಮ್ಮದಿಯ ಕಡೆಗೆ ತಿರುಗುತ್ತಿತ್ತು.

ಇದನ್ನು ನಿಮ್ಮ ಪತ್ರದ ಪಕ್ಕದಲ್ಲಿಟ್ಟು ನೋಡಿ. ‘ಇಡೀ ದಿನ ನನ್ನ ಯೋಚನೆಗಳನ್ನೇ ಕಾಯುತ್ತಿರುತ್ತೇನೆ’ ಎಂದು ಬರೆದಿದ್ದೀರಿ. ಎಂಟು ವಾರಗಳಲ್ಲಿ ನಿಮ್ಮ ಗಮನಿಸುವ ಶಕ್ತಿ ನಿಜವಾಗಿಯೂ ಹರಿತವಾಗಿದೆ. ತೀರ್ಪು ಕೊಡದಿರುವ, ಹಿಂದೆ ಓಡದಿರುವ ಶಕ್ತಿಗಳು ಅದರ ಜೊತೆಗೆ ಬೆಳೆದಿಲ್ಲ. ‘ಕ್ಯಾಷ್‌ನಲ್ಲಿ ತಪ್ಪಾಗಿದೆ’ ಎಂಬ ಯೋಚನೆ ಮೊದಲು ಬಂದು ಕಾಡುತ್ತಿತ್ತು. ಈಗ ಅದು ಬರುವುದು ಕಾಣುತ್ತದೆ, ಕಂಡ ಕೂಡಲೇ ‘ನೋಡು, ಮತ್ತೆ ಬಂತು, ಇಷ್ಟು ಕಲಿತರೂ ಬಂತು’ ಎಂಬ ಎರಡನೆಯ ಯೋಚನೆ ಹಿಂದೆಯೇ ಬರುತ್ತದೆ. ನಿಮ್ಮನ್ನು ಹೆಚ್ಚು ದಣಿಸುತ್ತಿರುವುದು ಈ ಎರಡನೆಯದು ಎಂದು ನನ್ನ ಅಂದಾಜು. ಕಳವಳದ ಸ್ವಭಾವದವರಲ್ಲಿ ಗಮನಿಸುವ ಶಕ್ತಿ ಮೊದಲೇ ಬೇಕಾದಷ್ಟಿರುತ್ತದೆ. ಅವರಿಗೆ ಕಲಿಸಬೇಕಾದದ್ದು ಕಂಡದ್ದನ್ನು ಮೆತ್ತಗೆ ಕಾಣುವ ಬಗೆ. ಎಲ್ಲರಿಗೂ ಒಂದೇ ಧ್ವನಿಮುದ್ರಣ ಕೇಳಿಸುವ ಆನ್‌ಲೈನ್ ಕೋರ್ಸಿನಲ್ಲಿ ಇದನ್ನು ಗುರುತಿಸಿ ಹೇಳುವವರು ಇರುವುದಿಲ್ಲ.

ನಿಮ್ಮ ಅಂಕ ಇಳಿದದ್ದಕ್ಕೂ ಇದರಲ್ಲೇ ಬಹುಮಟ್ಟಿಗೆ ಉತ್ತರವಿದೆ. ಕೋರ್ಸಿನ ಮೊದಲು ‘ಗಮನವಿಲ್ಲದೆ ತಿನ್ನುತ್ತೀರಾ’ ಎಂದು ಕೇಳಿದಾಗ ನೀವು ‘ಅಪರೂಪಕ್ಕೆ’ ಎಂದಿರಬಹುದು, ಏಕೆಂದರೆ ಗಮನ ಹೋದದ್ದೇ ಗಮನಕ್ಕೆ ಬಂದಿರುವುದಿಲ್ಲ. ಎಂಟು ವಾರಗಳ ನಂತರ, ಮೊಬೈಲ್ ನೋಡುತ್ತ ಅರ್ಧ ತಟ್ಟೆ ಮಂಡಕ್ಕಿ ಖಾಲಿ ಮಾಡಿದ್ದು ನಿಮಗೇ ಗೊತ್ತಾಗತೊಡಗಿರುತ್ತದೆ, ಆಗ ಪ್ರಾಮಾಣಿಕವಾಗಿ ‘ಆಗಾಗ್ಗೆ’ ಎಂದು ಗುರುತು ಹಾಕುತ್ತೀರಿ. ಗುಣ ಕುಗ್ಗಿರುವುದಿಲ್ಲ, ಅಳೆಯುವ ಕಣ್ಣು ಬದಲಾಗಿರುತ್ತದೆ. ಈ ಪ್ರಶ್ನಾವಳಿಗಳ ಮೇಲೆ ಸಂಶೋಧಕರೇ ಎತ್ತಿರುವ ಹಳೆಯ ಆಕ್ಷೇಪಗಳಲ್ಲಿ ಇದೂ ಒಂದು. ಕಲಿಕೆ ಹೇಗೆ ಸಾಗುತ್ತಿದೆ ಎಂದು ತಿಳಿಯಲು ಅಂಕಕ್ಕಿಂತ ಉತ್ತಮವಾದ ಗುರುತುಗಳಿವೆ, ಅವನ್ನು ಮುಂದೆ ಹೇಳುತ್ತೇನೆ.

ಉಸಿರು ಕಟ್ಟಿದಂತಾಗುವುದು ಏಕೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಕಾರಣ ತಿಳಿದರೆ ಅದರ ಭಯ ಅರ್ಧ ಇಳಿಯುತ್ತದೆ. ಬೇಗ ಕಳವಳಗೊಳ್ಳುವವರ ಮನಸ್ಸು ದೇಹದ ಒಳಗಿನ ಸದ್ದುಗಳಿಗೂ ಕಾವಲಿರುತ್ತದೆ. ಎದೆಬಡಿತ ತುಸು ಏರಿದರೂ ಅದನ್ನು ಅಪಾಯದ ಸೂಚನೆ ಎಂದೇ ಓದುತ್ತದೆ. ಕಣ್ಣು ಮುಚ್ಚಿ ಹೊರಗಿನದೆಲ್ಲ ನಿಂತಾಗ ಉಳಿಯುವುದು ಒಳಗಿನ ಸದ್ದು ಮಾತ್ರ. ಆಗ ಉಸಿರನ್ನು ‘ಗಮನಿಸು’ ಎಂದರೆ, ಅರಿವಿಲ್ಲದೆಯೇ ಅದನ್ನು ‘ಸರಿಪಡಿಸಲು’ ತೊಡಗುತ್ತೇವೆ, ಜೋರಾಗಿ ಎಳೆದುಕೊಳ್ಳುತ್ತೇವೆ. ಅಗತ್ಯಕ್ಕಿಂತ ಹೆಚ್ಚು ಉಸಿರಾಡಿದರೆ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿದು ತಲೆ ಹಗುರಾದಂತೆ, ಬೆರಳು ಜುಮ್ಮೆಂದಂತೆ, ಎದೆ ಬಿಗಿದಂತೆ ಆಗುತ್ತದೆ. ಆ ಬಿಗಿತ ಮತ್ತೆ ಭಯ ತರುತ್ತದೆ, ಭಯಕ್ಕೆ ಇನ್ನಷ್ಟು ಉಸಿರು ಎಳೆದುಕೊಳ್ಳುತ್ತೇವೆ. ಇದು ಹೃದಯದ ಕಾಯಿಲೆಯಲ್ಲ, ನಿಮ್ಮ ಅಶಿಸ್ತೂ ಅಲ್ಲ. ಆದರೂ ಎದೆ ಹೊಡೆದುಕೊಳ್ಳುವುದು ಪದೇ ಪದೇ ಆಗುತ್ತಿರುವುದರಿಂದ ಒಮ್ಮೆ ನಿಮ್ಮ ಕುಟುಂಬ ವೈದ್ಯರ ಬಳಿ ಹೋಗಿ ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಕೊಳ್ಳಿ. ಥೈರಾಯ್ಡ್ ಹೆಚ್ಚಾಗಿದ್ದರೂ, ರಕ್ತಹೀನತೆ ಇದ್ದರೂ ಎದೆ ಹೀಗೆಯೇ ಬಡಿದುಕೊಳ್ಳುತ್ತದೆ, ಮತ್ತು ಅವಕ್ಕೆ ಯಾವ ಧ್ಯಾನವೂ ಮದ್ದಲ್ಲ. ಬ್ಯಾಂಕಿನಲ್ಲಿ ದಿನಕ್ಕೆ ಎಷ್ಟು ಸಲ ಕಾಫಿ, ಚಹಾ ಕುಡಿಯುತ್ತೀರಿ ಎಂಬುದನ್ನೂ ಲೆಕ್ಕ ಹಾಕಿ.

ಧ್ಯಾನದಿಂದ ಕೆಟ್ಟ ಪರಿಣಾಮ ಆಗುವುದೇ ಇಲ್ಲ ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿದೆ. ಅದು ಸರಿಯಲ್ಲ. 2020ರಲ್ಲಿ ಮಿಗೆಲ್ ಫಾರಿಯಾಸ್ ಮತ್ತು ಸಂಗಡಿಗರು 83 ಅಧ್ಯಯನಗಳನ್ನು ಪರಿಶೀಲಿಸಿ, ಧ್ಯಾನ ಮಾಡಿದವರಲ್ಲಿ ಸುಮಾರು ಶೇ 8ರಷ್ಟು ಜನರಿಗೆ ಅಹಿತಕರ ಪರಿಣಾಮಗಳು ಆಗಿದ್ದನ್ನು ದಾಖಲಿಸಿದರು; ಅವುಗಳಲ್ಲಿ ಮುಂದಿರುವುದು ಆತಂಕ ಮತ್ತು ಖಿನ್ನತೆ. ಭಯಪಡಿಸಲು ಇದನ್ನು ಹೇಳುತ್ತಿಲ್ಲ. ನಿಮಗೆ ಆದದ್ದು ಇತರರಿಗೂ ಆಗುತ್ತದೆ, ಅದಕ್ಕೊಂದು ಹೆಸರಿದೆ, ಅದನ್ನು ಹೇಳಿಕೊಂಡರೆ ಅಭ್ಯಾಸವನ್ನು ತಿದ್ದಲು ಬರುತ್ತದೆ ಎಂಬುದು ನಿಮಗೆ ಗೊತ್ತಿರಬೇಕು. ‘ಮೊದಮೊದಲು ಹೀಗೇ ಆಗುತ್ತದೆ, ತಡೆದುಕೊಂಡು ಕೂತುಕೊಳ್ಳಿ’ ಎಂದು ಎಲ್ಲಕ್ಕೂ ಒಂದೇ ಉತ್ತರ ಕೊಡುವ ತರಬೇತುದಾರರಿಂದ ದೂರವಿರಿ.

ನಿಮ್ಮ ಸಹೋದ್ಯೋಗಿಯ ವಿಷಯ. ಅವರು ಶಾಂತರಾದದ್ದು ಅವರ ಸ್ವಭಾವದಿಂದಲೋ, ಆ ತಿಂಗಳು ಮನೆಯಲ್ಲಿದ್ದ ಅನುಕೂಲದಿಂದಲೋ, ಪ್ರತಿದಿನ ತಪ್ಪದೆ ಕುಳಿತದ್ದರಿಂದಲೋ ದೂರದಿಂದ ಹೇಳಲಾಗದು. ಆದರೆ ಕಳವಳದವರಿಗೆ ಉಪಯೋಗ ಕಡಿಮೆ ಎಂಬ ಊಹೆಗೆ ವಿರುದ್ಧವಾದ ಸಾಕ್ಷ್ಯ ನಮ್ಮ ಮುಂದಿದೆ. ನಾರ್ವೆಯ ಓಸ್ಲೊ ಮತ್ತು ಟ್ರೊಮ್ಸೊ ವಿಶ್ವವಿದ್ಯಾಲಯಗಳಲ್ಲಿ ವೈದ್ಯಕೀಯ ಮತ್ತು ಮನಶ್ಶಾಸ್ತ್ರ ಓದುತ್ತಿದ್ದ 288 ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿ ಒಂದಕ್ಕೆ ಮಾತ್ರ ತರಬೇತಿ ಕೊಟ್ಟ ಅಧ್ಯಯನದಲ್ಲಿ, ಮಾನಸಿಕ ಸಂಕಟ ಹೆಚ್ಚು ಇಳಿದದ್ದು ನ್ಯೂರಾಟಿಸಿಸಂ ಹೆಚ್ಚಿದ್ದವರಲ್ಲೇ. ಓದಿನ ಒತ್ತಡ ಹೆಚ್ಚು ಇಳಿದದ್ದು ಶಿಸ್ತಿನ ಗುಣ ಹೆಚ್ಚಿದ್ದವರಲ್ಲಿ ಎಂದು 2015ರಲ್ಲಿ ಪ್ರಕಟವಾಯಿತು. ಸಂಕಟ ಹೆಚ್ಚಿದ್ದವರಿಗೆ ಇಳಿಯಲು ಜಾಗವೂ ಹೆಚ್ಚು ಎಂಬುದು ಇದಕ್ಕೆ ಒಂದು ಕಾರಣವಿರಬಹುದು. ಹಾಗಿದ್ದರೂ ದಾರಿ ಹತ್ತುವುದು ಕಷ್ಟ ಎನಿಸುವ ಸ್ವಭಾವ ಮತ್ತು ಹತ್ತಿದರೆ ಹೆಚ್ಚು ಲಾಭ ಪಡೆಯುವ ಸ್ವಭಾವ ಎರಡೂ ಒಂದೇ ಆಗಿರುವುದು ನನ್ನ ಅನುಭವಕ್ಕೂ ಹೊಂದುತ್ತದೆ. ಅದಕ್ಕಾಗಿಯೇ ನಿಮ್ಮಂಥವರು ಆರಂಭದಲ್ಲೇ ಕೈಬಿಟ್ಟು ಹೋಗುವುದನ್ನು ಕಂಡರೆ ನನಗೆ ಸುಮ್ಮನಿರಲಾಗುವುದಿಲ್ಲ.

ನಿಮ್ಮ ಯಜಮಾನರು ಹೇಳಿದ ಗಾದೆಯಲ್ಲಿ ಅರ್ಧ ಸತ್ಯವಿದೆ. ಅವಳಿಗಳ ಮೇಲಿನ ಅಧ್ಯಯನಗಳ ಪ್ರಕಾರ ವ್ಯಕ್ತಿತ್ವದ ಆ ಐದು ಗುಣಗಳಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದ ಶೇ 40ರಿಂದ 50ರಷ್ಟು ಪಾಲು ಅನುವಂಶೀಯ. ಸಹಜ ಮೈಂಡ್‌ಫುಲ್‌ನೆಸ್ ಗುಣದಲ್ಲಿಯೂ, ಹದಿಹರೆಯದ ಅವಳಿಗಳ ಮೇಲೆ ಬ್ರಿಟನ್ನಿನಲ್ಲಿ ನಡೆದ ಅಧ್ಯಯನವೊಂದರಲ್ಲಿ, ಸುಮಾರು ಮೂರನೇ ಒಂದು ಪಾಲು ಹೀಗೆಯೇ ಬಂದದ್ದೆಂದು ಕಂಡಿದೆ. ಈ ಅಂಕಿಗಳು ಜನಸಮೂಹದ ವ್ಯತ್ಯಾಸದ ಬಗ್ಗೆ ಮಾತನಾಡುತ್ತವೆ. ನಿಮ್ಮ ಕಳವಳದ ಅರ್ಧ ತಾಯಿಯ ಕಡೆಯಿಂದ, ಅರ್ಧ ಬ್ಯಾಂಕಿನಿಂದ ಎಂದು ಭಾಗ ಮಾಡಲು ಬರುವುದಿಲ್ಲ. ಅನುವಂಶೀಯ ಎಂದ ಮಾತ್ರಕ್ಕೆ ಅಲುಗದು ಎಂದೂ ಅರ್ಥವಲ್ಲ. ವಯಸ್ಸು ಮಾಗಿದಂತೆ ಹೆಚ್ಚಿನವರ ಕಳವಳ ತಾನಾಗಿಯೇ ಸ್ವಲ್ಪ ಇಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಬ್ರೆಂಟ್ ರಾಬರ್ಟ್ಸ್ ಮತ್ತು ಸಂಗಡಿಗರು 2017ರಲ್ಲಿ 207 ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ, ಸರಾಸರಿ 24 ವಾರಗಳ ಚಿಕಿತ್ಸೆ ಅಥವಾ ತರಬೇತಿಯಿಂದ ವ್ಯಕ್ತಿತ್ವದ ಗುಣಗಳು ಅಳೆಯುವಷ್ಟು ಬದಲಾದದ್ದು, ಮತ್ತು ಐದರಲ್ಲಿ ಹೆಚ್ಚು ಬದಲಾದದ್ದು ಈ ಕಳವಳದ ಗುಣವೇ ಎಂಬುದು ಕಂಡುಬಂತು. ಹುಟ್ಟುಗುಣ ಸುಟ್ಟರೆ ಹೋಗುವುದಿಲ್ಲ ಎಂಬುದು ನಿಜವೇ, ಸುಡಬೇಕಾಗಿಯೂ ಇಲ್ಲ. ಸ್ವಲ್ಪ ಸಡಿಲಿಸಿದರೆ ಬದುಕು ಎಷ್ಟೋ ಹಗುರವಾಗುತ್ತದೆ.

ಹಾಗೆಂದು ಮೈಂಡ್‌ಫುಲ್‌ನೆಸ್ ಒಂದರಿಂದಲೇ ಸ್ವಭಾವ ತಿರುಗಿಬಿಡುತ್ತದೆ ಎಂದು ನಾನು ಹೇಳಲಾರೆ. ಮೇಲಿನ 207 ಅಧ್ಯಯನಗಳಲ್ಲಿ ಹೆಚ್ಚಿನವು ಮಾನಸಿಕ ಚಿಕಿತ್ಸೆಗೆ ಸಂಬಂಧಿಸಿದವು. ಧ್ಯಾನದ ಕಾರ್ಯಕ್ರಮಗಳ ಬಗ್ಗೆಯೇ 2014ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾದ, 47 ಪ್ರಯೋಗಗಳ 3,515 ಜನರನ್ನು ಒಳಗೊಂಡ ವಿಮರ್ಶೆ ಹೇಳಿದ್ದು ಹೀಗೆ: ಆತಂಕ ಮತ್ತು ಖಿನ್ನತೆ ಸಣ್ಣದರಿಂದ ಮಧ್ಯಮ ಪ್ರಮಾಣದಲ್ಲಿ ಇಳಿಯುತ್ತವೆ, ಆದರೆ ವ್ಯಾಯಾಮ, ಔಷಧಿ, ಇತರ ಮಾನಸಿಕ ಚಿಕಿತ್ಸೆಗಳಿಗಿಂತ ಇದು ಮೇಲು ಎನ್ನಲು ಸಾಕ್ಷ್ಯವಿಲ್ಲ. ಆದ್ದರಿಂದ ನಿಮ್ಮ ನಿರೀಕ್ಷೆಯನ್ನು ಸ್ವಲ್ಪ ಬದಲಿಸಿಕೊಳ್ಳುವುದು ಒಳ್ಳೆಯದು. ಕಳವಳ ಹುಟ್ಟುವುದೇ ನಿಲ್ಲಬೇಕು ಎಂದು ಕಾಯಬೇಡಿ. ಕಳವಳ ಹುಟ್ಟಿದ ಮೇಲೆ ನೀವು ಏನು ಮಾಡುತ್ತೀರಿ ಎಂಬುದು ಮೊದಲು ಬದಲಾಗುತ್ತದೆ. ಅನುಮಾನ ಬಂದ ಕೂಡಲೇ ಸಹೋದ್ಯೋಗಿಗೆ ಫೋನ್ ಮಾಡುವುದು, ಶಾಲೆಯ ವ್ಯಾನ್ ಚಾಲಕರಿಗೆ ಎರಡೆರಡು ಸಲ ಕರೆ ಮಾಡುವುದು, ಮಗಳು ಬಂದ ಮೇಲೆ ಗದರುವುದು, ಇಂಥವು ಕಡಿಮೆಯಾಗುತ್ತವೆ. ಇವು ತಿಂಗಳುಗಟ್ಟಲೆ ಕಡಿಮೆಯಾಗಿಯೇ ಉಳಿದರೆ, ಅದರ ಹಿಂದೆ ಕಳವಳದ ತೀವ್ರತೆಯೂ ನಿಧಾನವಾಗಿ ಇಳಿಯುತ್ತದೆ. ಸ್ವಭಾವ ಬದಲಾಗುವುದು ಸಾಮಾನ್ಯವಾಗಿ ಹೀಗೆಯೇ, ನಡೆಯ ಕಡೆಯಿಂದ. ಮೊದಲು ಹೇಳಿದ ಗುರುತುಗಳೂ ಇವೇ: ಅನುಮಾನ ಬಂದ ಮೇಲೆ ಎಷ್ಟು ಹೊತ್ತು ಉಳಿಯಿತು, ಅದಕ್ಕಾಗಿ ಏನು ಮಾಡಿದಿರಿ, ನಿದ್ದೆ ಎಷ್ಟು ತಡವಾಯಿತು ಎಂದು ವಾರಕ್ಕೊಮ್ಮೆ ಡೈರಿಯಲ್ಲಿ ಎರಡು ಸಾಲು ಬರೆದಿಡಿ.

ಶಾಂತಳಾದರೆ ಅಜಾಗರೂಕಳಾಗುತ್ತೇನೆ ಎಂಬ ಭಯವನ್ನು ಪಕ್ಕಕ್ಕಿಡಬಹುದು. ಹೊಣೆಗಾರಿಕೆಯ ಗುಣ ಮತ್ತು ಮೈಂಡ್‌ಫುಲ್‌ನೆಸ್ ಒಂದೇ ದಿಕ್ಕಿನಲ್ಲಿ ಸಾಗುತ್ತವೆ ಎಂಬುದನ್ನು ಆಗಲೇ ನೋಡಿದೆವು. ನೋಟು ಎಣಿಸುವಾಗ ತಪ್ಪದಂತೆ ನೋಡಿಕೊಳ್ಳುವುದು ಎಣಿಕೆಯ ಮೇಲಿನ ನಿಮ್ಮ ಗಮನ. ರಾತ್ರಿ ಹತ್ತು ಗಂಟೆಯ ಅನುಮಾನ ಒಂದು ನೋಟನ್ನೂ ಉಳಿಸಿಕೊಡುವುದಿಲ್ಲ.

ಈಗ ದಾರಿಗಳು. ಮೊದಲನೆಯದು, ಅಭ್ಯಾಸವನ್ನು ಬದಲಿಸಿಕೊಂಡು ಮುಂದುವರಿಸುವುದು. ಉಸಿರಿನ ಅಭ್ಯಾಸವನ್ನು ಸದ್ಯಕ್ಕೆ ಪೂರ್ತಿ ನಿಲ್ಲಿಸಿ. ಕಣ್ಣು ತೆರೆದೇ ಇರಲಿ, ಅವಧಿ ಐದು ನಿಮಿಷ ಸಾಕು, ಗಮನ ದೇಹದ ಅಂಚಿನಲ್ಲಿರಲಿ: ನೆಲಕ್ಕೆ ಊರಿದ ಪಾದ, ಕುರ್ಚಿಗೆ ಒತ್ತಿದ ಬೆನ್ನು, ಬೀದಿಯ ಸದ್ದು. ಕುಳಿತುಕೊಳ್ಳುವುದೇ ಕಷ್ಟವಾದರೆ ಕೆಲಸದಲ್ಲೇ ಮಾಡಿ. ರೊಟ್ಟಿ ತಟ್ಟುವಾಗ ಅಂಗೈಗೆ ತಾಗುವ ಹಿಟ್ಟಿನ ಬಿಸಿ, ಅಂಚು ಒಡೆಯದಂತೆ ಬೆರಳು ಸುತ್ತುವ ರೀತಿ, ತಟ್ಟುವ ಸದ್ದು, ಇವುಗಳಲ್ಲಿ ಗಮನವಿಡಿ. ‘ಕ್ಯಾಷ್‌ನಲ್ಲಿ ತಪ್ಪಾಗಿದೆ’ ಎಂದು ಬಂದಾಗ ಅದನ್ನು ತಳ್ಳಬೇಡಿ, ವಾದಕ್ಕೂ ಇಳಿಯಬೇಡಿ. ‘ತಪ್ಪಾಗಿದೆ ಎಂಬ ಯೋಚನೆ ಬಂದಿದೆ’ ಎಂದು ಮನಸ್ಸಿನಲ್ಲೇ ಒಮ್ಮೆ ಹೇಳಿಕೊಂಡು ಹಿಟ್ಟಿಗೆ ವಾಪಸಾಗಿ. ಐದು ನಿಮಿಷದಲ್ಲಿ ಇಪ್ಪತ್ತು ಸಲ ವಾಪಸಾಗಬೇಕಾಗಿ ಬಂದರೆ ಅಭ್ಯಾಸ ಕೆಟ್ಟಿತೆಂದು ತಿಳಿಯಬೇಡಿ. ವಾಪಸಾಗುವುದೇ ಅಭ್ಯಾಸ. ಈ ದಾರಿಯ ಅಪಾಯ ಕಡಿಮೆ, ಆದರೆ ಒಂಟಿಯಾಗಿ ಮಾಡಿದಾಗ ಮತ್ತೆ ಕಾವಲು ಕಾಯುವ ಚಟಕ್ಕೆ ಜಾರುವ ಸಾಧ್ಯತೆ ಇದೆ. ಮೂರು ನಾಲ್ಕು ವಾರಗಳಲ್ಲಿ ಹಗುರ ಎನಿಸದಿದ್ದರೆ ನಿಲ್ಲಿಸಿಬಿಡಿ. ಧ್ಯಾನ ಬಿಡುವುದೂ ಗೌರವದ ಆಯ್ಕೆಯೇ. ಸಂಜೆ ಅರ್ಧ ಗಂಟೆ ಬಿರುಸಾಗಿ ನಡೆದರೂ ಆತಂಕ ಇಳಿಯುತ್ತದೆ.

ಎರಡನೆಯದು, ನಿಮಗೆ ನಾನು ಹೆಚ್ಚು ಒತ್ತಿ ಹೇಳುವುದು, ಕ್ಲಿನಿಕಲ್ ಸೈಕಾಲಜಿಸ್ಟ್ ಒಬ್ಬರನ್ನು ಮುಖಾಮುಖಿ ಕಾಣುವುದು. ದಿನದ ಬಹುಪಾಲು ಕಳವಳ, ನಿದ್ದೆಗೆ ತೊಂದರೆ, ದಣಿವು, ಮೈಯಲ್ಲಿ ಬಿಗಿತ ಇವು ಆರು ತಿಂಗಳು ಮೀರಿ ಇದ್ದರೆ ಅದು ಸ್ವಭಾವದ ಗಡಿ ದಾಟಿ ಚಿಕಿತ್ಸೆ ಬೇಕಾದ ಆತಂಕದ ಸಮಸ್ಯೆಯಾಗಿರಬಹುದು. ನೀವು ಕ್ಯಾಷನ್ನು ಎಷ್ಟು ಸಲ ಮರುಎಣಿಕೆ ಮಾಡುತ್ತೀರಿ, ಮಾಡದಿದ್ದರೆ ಏನಾಗುತ್ತದೆ ಎಂಬುದನ್ನೂ ಅವರು ಕೇಳುತ್ತಾರೆ, ಏಕೆಂದರೆ ಗೀಳಿನ ಸಮಸ್ಯೆಯಲ್ಲಿ ಚಿಕಿತ್ಸೆಯ ಕ್ರಮ ಬೇರೆ. ಸಿಬಿಟಿ ಎಂದು ಕರೆಯುವ, ಯೋಚನೆ ಮತ್ತು ನಡೆಯ ಕ್ರಮವನ್ನು ಮಾತುಕತೆಯ ಮೂಲಕ ತಿದ್ದುವ ಚಿಕಿತ್ಸೆಗೆ ಈ ಸಮಸ್ಯೆಗಳಲ್ಲಿ ಗಟ್ಟಿಯಾದ ಆಧಾರವಿದೆ, ಮತ್ತು ಮೈಂಡ್‌ಫುಲ್‌ನೆಸ್ ಅದರೊಳಗೆ ಒಂದು ಭಾಗವಾಗಿ ಬಂದಾಗ ಎಲ್ಲಿ ನಿಲ್ಲಿಸಬೇಕು, ಎಲ್ಲಿ ಮುಂದೆ ಹೋಗಬೇಕು ಎಂದು ನೋಡಿಕೊಳ್ಳುವವರು ಎದುರಿಗೇ ಇರುತ್ತಾರೆ. ಇದರ ತೊಡಕು ಹಣ ಮತ್ತು ಸಮಯ; ಸಂಜೆಯ ಹೊತ್ತು ಸಿಗುವವರು ಎಲ್ಲ ಊರಿನಲ್ಲೂ ಇರುವುದಿಲ್ಲ. ಸಮಸ್ಯೆ ತೀವ್ರವಾಗಿದ್ದರೆ ಮನೋವೈದ್ಯರು ಔಷಧಿ ಸೂಚಿಸಬಹುದು. ಅದು ಪರಿಣಾಮ ತೋರಲು ಕೆಲವು ವಾರ ಬೇಕು, ಆರಂಭದಲ್ಲಿ ವಾಕರಿಕೆಯಂಥ ತೊಂದರೆ ಆಗಬಹುದು, ತಾನಾಗಿ ಥಟ್ಟನೆ ನಿಲ್ಲಿಸಬಾರದು. ಧ್ಯಾನ ಮಾಡುತ್ತೇನೆ ಆದ್ದರಿಂದ ಮಾತ್ರೆ ಬೇಡ ಎಂಬ ಹಟ ಬೇಕಿಲ್ಲ.

ಮೌನ ಶಿಬಿರಕ್ಕೆ ಈಗ ಹೋಗಬೇಡಿ. ಅಕ್ಕನ ಕಾಳಜಿ ದೊಡ್ಡದು, ಮತ್ತು ಅಂಥ ಶಿಬಿರಗಳಿಂದ ಒಳಿತು ಕಂಡವರು ಬಹಳಷ್ಟು ಜನರಿದ್ದಾರೆ. ಆದರೆ 10 ದಿನಗಳ ವಿಪಶ್ಯನ ಶಿಬಿರದಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ದಿನಕ್ಕೆ ಸುಮಾರು 10 ಗಂಟೆ ಧ್ಯಾನ ಮಾಡಬೇಕು, ಮೊದಲ ದಿನಗಳ ಅಭ್ಯಾಸವೇ ಉಸಿರಿನದು, ಮಾತಿಲ್ಲ, ಫೋನಿಲ್ಲ. ಐದು ನಿಮಿಷದ ಉಸಿರಿನ ಗಮನಕ್ಕೆ ಎದೆ ಬಿಗಿಯುವವರು ನೇರ ಅಲ್ಲಿಗೆ ಹೋದರೆ ಆ ಬಿಗಿತ ತೀವ್ರ ಗಾಬರಿಯಾಗಿ ತಿರುಗುವ ಅಪಾಯವಿದೆ, ಅದನ್ನು ಅರಗಿಸಿಕೊಳ್ಳಲು ನೆರವಾಗುವ ಮನೆಯವರ ಮಾತೂ ಆಗ ಇರುವುದಿಲ್ಲ. ಅಲ್ಲಿನ ಅರ್ಜಿಯಲ್ಲೇ ಮಾನಸಿಕ ಆರೋಗ್ಯದ ಬಗ್ಗೆ ಕೇಳುತ್ತಾರೆ. ಸೀಟು ತಪ್ಪೀತೆಂದು ಅದನ್ನು ಮುಚ್ಚಿಟ್ಟು ಹೋದವರ ಪಾಡನ್ನು ನಂತರ ನಾವು ನೋಡಬೇಕಾಗುತ್ತದೆ. ಮೊದಲ ಎರಡು ದಾರಿಗಳಲ್ಲಿ ಆರೇಳು ತಿಂಗಳು ನೆಮ್ಮದಿ ಕಂಡ ಮೇಲೆಯೂ ಹೋಗಬೇಕೆನಿಸಿದರೆ, ಮೊದಲು ಹೊಸಬರಿಗೂ ತೆರೆದಿರುವ ಒಂದು ದಿನದ ಧ್ಯಾನ ಶಿಬಿರವೊಂದರಲ್ಲಿ ಕುಳಿತು ನೋಡಿ, ನಿಮ್ಮ ಚಿಕಿತ್ಸಕರ ಜೊತೆ ಮಾತಾಡಿ ತೀರ್ಮಾನಿಸಿ. ಹಿಂದೆ ಆಘಾತದ ಘಟನೆಗಳನ್ನು ಕಂಡವರಿಗೆ, ಬೈಪೋಲಾರ್ (ಮನಸ್ಸು ಅತಿ ಉತ್ಸಾಹ ಮತ್ತು ಖಿನ್ನತೆಯ ನಡುವೆ ಹೊಯ್ದಾಡುವ ಕಾಯಿಲೆ) ಅಥವಾ ಮನೋವಿಕೃತಿಯ (ವಾಸ್ತವದ ಅರಿವು ತಪ್ಪುವ ಕಾಯಿಲೆ) ಇತಿಹಾಸವಿರುವವರಿಗೆ ಈ ಎಚ್ಚರಿಕೆ ಇನ್ನೂ ಹೆಚ್ಚು ಅನ್ವಯಿಸುತ್ತದೆ. ಶಿಬಿರಕ್ಕಾಗಿ ಮಾತ್ರೆ ನಿಲ್ಲಿಸುವ ಕೆಲಸವನ್ನಂತೂ ಯಾರೂ ಮಾಡಬಾರದು.

ಅಭ್ಯಾಸದ ನಡುವೆ ಸುತ್ತಲಿನದೆಲ್ಲ ಅವಾಸ್ತವ ಎನಿಸತೊಡಗಿದರೆ, ಹಳೆಯ ನೆನಪುಗಳು ತಡೆಯಲಾಗದಂತೆ ನುಗ್ಗಿದರೆ, ಸತತ ಎರಡು ಮೂರು ರಾತ್ರಿ ನಿದ್ದೆಯೇ ಬಾರದಿದ್ದರೆ, ಬದುಕು ಸಾಕು ಎಂಬ ಯೋಚನೆ ಸುಳಿದರೆ ಅಭ್ಯಾಸವನ್ನು ಅಲ್ಲಿಗೇ ನಿಲ್ಲಿಸಿ ಅದೇ ದಿನ ನೆರವು ಪಡೆಯಿರಿ. ಕೇಂದ್ರ ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತವಾಗಿ ದೊರೆಯುತ್ತದೆ, ಕನ್ನಡದಲ್ಲೇ ಮಾತನಾಡಬಹುದು. ನಿಮ್ಮ ಜಿಲ್ಲೆಯಲ್ಲಿ ಯಾರನ್ನು ಕಾಣಬಹುದು ಎಂಬುದನ್ನೂ ಅಲ್ಲಿ ಕೇಳಿ ತಿಳಿದುಕೊಳ್ಳಿ. ಮೊದಲ ಭೇಟಿಗೆ ಹೋಗುವಾಗ ಆ ಡೈರಿಯ ಪುಟಗಳನ್ನು ತೆಗೆದುಕೊಂಡು ಹೋಗಿ, ಸಾಧ್ಯವಾದರೆ ಯಜಮಾನರನ್ನೂ ಕರೆದುಕೊಂಡು ಹೋಗಿ. ಕಳವಳ ಬಂದಾಗ ಮನೆಯಲ್ಲಿ ಯಾರು ಏನು ಹೇಳುತ್ತಾರೆ ಎಂಬುದು ಚಿಕಿತ್ಸೆಯ ಅರ್ಧ ಕೆಲಸ, ಅದನ್ನು ಅವರಿಗೆ ವಿವರಿಸುವ ಹೊಣೆ ನಿಮ್ಮೊಬ್ಬರ ಮೇಲೆ ಬೀಳಬಾರದು.